ರಾಧಾಕೃಷ್ಣನ್ನರೂ ಬೆಂಗಳೂರಿನ ರೇಡಿಯೋ ಖಗೋಳವಿಜ್ಞಾನವೂ

ಬೆಂಗಳೂರಿನ ಮೇಖ್ರಿ ವೃತ್ತಕ್ಕೆ ಅನತಿದೂರದಲ್ಲಿ ಸರ್ ಸಿ. ವಿ. ರಾಮನ್ನರು 1948ರಲ್ಲಿ ಸ್ಥಾಪಿಸಿದ ಸಂಶೋಧನಾಲಯವು ಅವರ ಜೀವಿತಕಾಲದುದ್ದಕ್ಕೂ ಬೆಳಕು, ಬಣ್ಣ, ಸ್ಫಟಿಕಗಳ ಅಧ್ಯಯನಕ್ಕೆ ಮೀಸಲಾಗಿದ್ದು, 1970ರ ನವೆಂಬರಿನಲ್ಲಿ ಅವರು ತೀರಿಕೊಂಡ ಬಳಿಕ ರೇಡಿಯೋ ಖಗೋಳವಿಜ್ಞಾನದ ಒಂದು ಪ್ರಮುಖ ಪೀಠವಾಗಿ ಪುನರ್ಜನ್ಮವನ್ನು ಪಡೆಯಿತು. ಈ ಪರಿವರ್ತನೆಗೆ ಕಾರಣರಾದವರು ಅವರ ಪುತ್ರರಾದ ವೆಂಕಟರಾಮನ್ ರಾಧಾಕೃಷ್ಣನ್ನರು. ತಂದೆಯ ಕೀರ್ತಿಯ ಪ್ರಭೆಯಲ್ಲಿ ಮಗನ ಸಾಧನೆ ಕನ್ನಡಿಗರ ಕಣ್ಣಿಗೆ ಬೀಳಬೇಕಾದಷ್ಟು ಬೀಳಲಿಲ್ಲವೆಂಬುದು ನನ್ನ ಭಾವನೆ.

1929ರಲ್ಲಿ ಮದರಾಸಿನಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಓದಿ, ಮೈಸೂರು ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದ ಅವರು, ಮುಂದೆ ಸ್ವೀಡನ್ನಿನ ಚಾಲ್ಮರ್ಸ್ ಸಂಸ್ಥೆಯಲ್ಲಿ ಆಕಾಶದ ಕ್ಷೀಣ ತರಂಗಗಳನ್ನು ಹಿಡಿಯುವ ಗ್ರಾಹಕಯಂತ್ರಗಳನ್ನು ಕಟ್ಟುವ ವಿದ್ಯೆಯಲ್ಲಿ ಪಳಗಿದರು. ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಓವೆನ್ಸ್ ಕಣಿವೆಯ ಜೋಡಿ ದೂರದರ್ಶಕಗಳಿಂದ, ಜೆ. ಎ. ರಾಬರ್ಟ್ಸರೊಡನೆ ಗುರುಗ್ರಹವನ್ನು ವೀಕ್ಷಿಸಿದಾಗ, ಅದರ ರೇಡಿಯೋ ವಿಕಿರಣವು ಗ್ರಹದ ಬಿಂಬಕ್ಕಿಂತ ಎಷ್ಟೋ ಅಗಲವಾದ ಪ್ರದೇಶದಿಂದ ಬರುತ್ತಿದೆಯೆಂದೂ, ಅದು ಧ್ರುವೀಕರಣ ಹೊಂದಿದೆಯೆಂದೂ, ಅಂದರೆ ಅದರ ತರಂಗಗಳ ಕಂಪನಕ್ಕೆ ನಿಯತವಾದ ದಿಕ್ಕೊಂದಿದೆಯೆಂದೂ 1960ರಲ್ಲಿ ಸಿದ್ಧವಾಯಿತು. ಭೂಮಿಯನ್ನು ಸುತ್ತುವರಿದಿರುವಂಥ ವಿಕಿರಣವಲಯ ಗುರುವಿಗೂ ಉಂಟೆಂಬುದಕ್ಕೆ ದೊರೆತ ದೃಢವಾದ ಪ್ರಮಾಣವದು.

ಕೆಲವು ವರ್ಷಗಳ ತರುವಾಯ ಅವರು ಆಸ್ಟ್ರೇಲಿಯಾಕ್ಕೆ ಹೋದುದು ಹಾಯಿದೋಣಿಯಲ್ಲಿ. ಆಕಾಶದ ಪ್ರಬಲ ರೇಡಿಯೋ ಆಕರವಾದ ಸಿಗ್ನಸ್ ಎ ಎಂಬುದರ ಹೆಸರನ್ನೇ ಆ ದೋಣಿಗೆ ಇಟ್ಟಿದ್ದರು. ಅಲ್ಲಿನ ಪಾರ್ಕ್ಸ್ ಎಂಬಲ್ಲಿದ್ದ 64 ಮೀಟರ್ ವ್ಯಾಸದ ದೂರದರ್ಶಕವು ಅವರ ಜೀವನದ ಶ್ರೇಷ್ಠ ಕಾರ್ಯಕ್ಕೆ ಸಾಧನವಾಯಿತು. ಕ್ರಮವಾಗಿ ಮಿಡಿಯುವ ರೇಡಿಯೋ ಆಕರಗಳಾದ ಪಲ್ಸಾರುಗಳು ಆಗತಾನೇ ಬೆಳಕಿಗೆ ಬಂದಿದ್ದ ಕಾಲವದು. ಅವು ವೇಗವಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರಗಳೆಂದು ಹಲವರು ಊಹಿಸಿದ್ದರೂ, ಮಿಡಿತವು ನಕ್ಷತ್ರದ ಯಾವ ಭಾಗದಿಂದ ಹೊಮ್ಮುತ್ತದೆಂಬ ವಿಷಯದಲ್ಲಿ ಒಮ್ಮತವಿರಲಿಲ್ಲ. ಸೆಕೆಂಡಿಗೆ ಹನ್ನೊಂದು ಸಲ ಮಿಡಿಯುವ ವೇಲಾ ಪಲ್ಸಾರನ್ನು 1969ರಲ್ಲಿ ಪರಿಶೀಲಿಸಿದ ರಾಧಾಕೃಷ್ಣನ್ನರೂ ಅವರ ಸಂಗಡಿಗರೂ, ಒಂದೊಂದು ಮಿಡಿತದೊಳಗೂ ಧ್ರುವೀಕರಣದ ದಿಕ್ಕು ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ಕಡಿಯದೆ ನಯವಾಗಿ ಹೊರಳುವುದನ್ನು ಕಂಡರು. ಕಾಂತಧ್ರುವದ ಬಳಿಯಿಂದ ಹೊರಟು ವಿಸ್ತರಿಸುವ ಬಲರೇಖೆಗಳನ್ನು ಅನುಸರಿಸಿ ವಿಕಿರಣ ಹೊಮ್ಮುತ್ತಿದ್ದು, ನಕ್ಷತ್ರ ತಿರುಗಿದಂತೆಲ್ಲ ಆ ರೇಖೆಗಳು ಒಂದಾದ ಮೇಲೊಂದು ನಮ್ಮ ದೃಷ್ಟಿಗೆ ಎದುರಾಗುವುದರಿಂದಲೇ ದಿಕ್ಕು ಹೀಗೆ ಹೊರಳುತ್ತದೆಂದು ಅವರು ತರ್ಕಿಸಿದರು. ಅತಿ ಸರಳವಾದ ಜ್ಯಾಮಿತಿಯಿಂದ, ಕಾಣದ ನಕ್ಷತ್ರವೊಂದರ ಕಾಂತಾಕ್ಷದ ಓರೆಯನ್ನು ಅಳೆಯುವ ಉಪಾಯವನ್ನು ಕೊಟ್ಟ ಈ ವಾದದ ಚೆಲುವನ್ನು ನಾನು ಎಷ್ಟು ಹೊಗಳಿದರೂ ಸಾಲದು.

ಅದೇ ವೀಕ್ಷಣೆಗಳಲ್ಲಿ ಇನ್ನೊಂದು ಸೋಜಿಗವೂ ಕಾದಿತ್ತು. ದಿನದಿನಕ್ಕೆ ನಿಧಾನವಾಗುತ್ತಿದ್ದ ವೇಲಾ, ಫೆಬ್ರವರಿಯ ಕೊನೆಯ ವಾರದಲ್ಲೆಲ್ಲೋ ಹಠಾತ್ತನೆ ವೇಗವನ್ನು ಹೆಚ್ಚಿಸಿಕೊಂಡು, ತನ್ನ ಆವರ್ತನಕಾಲವನ್ನು ಹತ್ತು ಲಕ್ಷದಲ್ಲಿ ಸುಮಾರು ಎರಡು ಭಾಗದಷ್ಟು ಕಡಿಮೆ ಮಾಡಿಕೊಂಡಿತು. ರಾಧಾಕೃಷ್ಣನ್ನರೂ ಅವರ ಸಹೋದ್ಯೋಗಿ ಮ್ಯಾಂಚೆಸ್ಟರರೂ ವರದಿ ಮಾಡಿದ ಈ ಜಿಗಿತವನ್ನು ಕ್ಯಾಲಿಫೋರ್ನಿಯಾದ ವೀಕ್ಷಕರೂ ಸ್ವತಂತ್ರವಾಗಿ ಕಂಡಿದ್ದರು. ನ್ಯೂಟ್ರಾನ್ ನಕ್ಷತ್ರದ ಗರ್ಭದಲ್ಲೇನಿದೆಯೆಂಬ ಜಿಜ್ಞಾಸೆಗೆ ಅದರಿಂದ ಬಾಗಿಲು ತೆರೆಯಿತು.

1972ರಲ್ಲಿ ಬೆಂಗಳೂರಿಗೆ ಮರಳಿ ಸಂಶೋಧನಾಲಯದ ನಿರ್ದೇಶಕತ್ವವನ್ನು ವಹಿಸಿಕೊಂಡಾಗ ಈ ಮಹನೀಯರಿಗೆ ಡಾಕ್ಟರೇಟ್ ಇರಲಿಲ್ಲ. ಪದವಿಯ ಗೊಡವೆಯಿಲ್ಲದೆ ಕೈಗೆಲಸವನ್ನೂ ಚಿಂತನೆಯನ್ನೂ ಸಮನಾಗಿ ಗೌರವಿಸಿದ ಅವರು, ತಮಗೆ ಬೇಕಾದ ಯಂತ್ರವನ್ನು ತಾವೇ ಕಟ್ಟಿಕೊಳ್ಳುವ ಪರಿಪಾಠವನ್ನು ಇಲ್ಲಿ ಬೇರೂರಿಸಿದರು. ಅವರ ಪ್ರಭಾವದ ಮರ್ಮ ಇದೇ ಎಂದು ನಾನು ತಿಳಿದಿದ್ದೇನೆ. ಗೌರಿಬಿದನೂರಿನ ಬಳಿ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ, ಪೂರ್ವಪಶ್ಚಿಮವಾಗಿ 1.4 ಕಿಲೋಮೀಟರ್ ಚಾಚಿಕೊಂಡ, ಸಾವಿರ ಡೈಪೋಲ್ ಆಂಟೆನಾಗಳ ದೂರದರ್ಶಕ ಎದ್ದಿತು. 34.5 ಮೆಗಾಹರ್ಟ್ಸ್ ಆವರ್ತನದಲ್ಲಿ ಅದು ರೂಪಿಸಿದ ಆಕಾಶದ ನಕ್ಷೆಯನ್ನು ದ್ವಾರಕಾನಾಥ್, ಉದಯಶಂಕರ್ ಇವರು 1990ರಲ್ಲಿ ಪ್ರಕಟಿಸಿದರು. ಸಂಶೋಧನಾಲಯದ ಆವರಣದಲ್ಲಿಯೇ 10.4 ಮೀಟರಿನ ಮಿಲಿಮೀಟರ್ ತರಂಗ ದೂರದರ್ಶಕವೂ ನಿಂತಿತು.

ಸೆಕೆಂಡಿಗೆ 642 ಸಲ ತಿರುಗುವ ಪಲ್ಸಾರು 1982ರಲ್ಲಿ ಪತ್ತೆಯಾದಾಗ, ಅದು ಹೊಸದಾಗಿ ಹುಟ್ಟಿದುದಲ್ಲ, ಸಂಗಾತಿ ನಕ್ಷತ್ರದ ದ್ರವ್ಯವನ್ನು ಸೆಳೆದುಕೊಂಡು ಮತ್ತೆ ವೇಗಗೊಂಡ ಮುದಿ ನಕ್ಷತ್ರವೆಂದೂ, ಅದರ ಕಾಂತಕ್ಷೇತ್ರ ದುರ್ಬಲವಾಗಿರತಕ್ಕದ್ದೆಂದೂ ರಾಧಾಕೃಷ್ಣನ್ನರು ಜಿ. ಶ್ರೀನಿವಾಸನ್ನರೊಡನೆ ಅದೇ ವರ್ಷ ಬರೆದರು. ಆ ಪ್ರಬಂಧವನ್ನು ಅವರು ಪ್ರಕಟಿಸಿದುದು ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಅನಂತರದ ಅಳತೆಗಳು ಅವರ ಮಾತನ್ನು ಸಮರ್ಥಿಸಿದುವು.

2011ರ ಮಾರ್ಚ್ 3ರಂದು ರಾಧಾಕೃಷ್ಣನ್ನರು ಬೆಂಗಳೂರಿನಲ್ಲಿ ನಿಧನರಾದರು. ಪಲ್ಸಾರಿನ ಧ್ರುವೀಕರಣವನ್ನು ಅಳೆಯುವ ಸಂಶೋಧಕರು ತಮ್ಮ ಅಳತೆಗಳನ್ನು ಇಂದಿಗೂ ಮೊದಲು ಹೋಲಿಸಿ ನೋಡುವುದು ಕಾಂತಬಲರೇಖೆಗಳ 1969ರ ಆ ಮಾದರಿಯೊಡನೆ.