ಬನವಾಸಿ ನಾಡಿನ ಗೋಸಂಪತ್ತು ಮತ್ತು ಮೇವಿನ ಮೇರೆ

ದಂಡಾವತೀ ನದಿಯ ದಡದಲ್ಲಿರುವ ಸೊರಬಕ್ಕೆ ಸುರಭಿಯಿಂದ ಹೆಸರು ಬಂದಿತೆಂದು ಆ ಊರಿನವರ ಐತಿಹ್ಯ. ಸುರಭಿಪುರವೇ ಜನರ ನಾಲಗೆಯಲ್ಲಿ ಸವೆದು ಸೊರಬವಾಯಿತಂತೆ. ಈ ನಿರ್ವಚನವು ಶಬ್ದಶಾಸ್ತ್ರದ ಒರೆಗಲ್ಲಿನ ಮೇಲೆ ನಿಲ್ಲುವುದೆಂದು ಖಂಡಿತವಾಗಿ ಹೇಳುವುದು ಕಷ್ಟ. ಅಚ್ಚಗನ್ನಡದ ಊರ ಹೆಸರುಗಳಿಗೆ ಸಂಸ್ಕೃತದ ಉಡುಗೆ ತೊಡಿಸುವ ಚಪಲವು ಪಂಡಿತರಲ್ಲಿ ಬಹುಕಾಲದಿಂದಲೂ ಉಂಟು. ಆದರೆ ಉಡುಗೆ ತೊಡಿಸಿದವರು ಇಂದ್ರನನ್ನಾಗಲಿ ವಿಷ್ಣುವನ್ನಾಗಲಿ ನೆನೆಯದೆ ಹಸುವನ್ನೇ ಏಕೆ ನೆನೆದರೆಂಬುದು ವಿಚಾರಾರ್ಹವಾದ ಪ್ರಶ್ನೆ. ಅದಕ್ಕೆ ಉತ್ತರವು ಪುರಾಣದಲ್ಲಿ ದೊರೆಯದಿದ್ದರೂ ಆ ಸೀಮೆಯ ಕಲ್ಲುಗಳಲ್ಲಿ ದೊರೆಯುತ್ತದೆ.

ರೈಸ್ ಸಾಹೇಬರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ೧೯೦೨ ಮತ್ತು ೧೯೦೪ರಲ್ಲಿ ಎಪಿಗ್ರಾಫಿಯ ಕರ್ಣಾಟಿಕದ ಏಳನೆಯ ಮತ್ತು ಎಂಟನೆಯ ಸಂಪುಟಗಳಾಗಿ ಪ್ರಕಟಿಸಿದರು. ಶಿಕಾರಿಪುರದ ಶಾಸನಗಳು ಮೊದಲಿನದರಲ್ಲಿಯೂ ಸೊರಬದವು ಎರಡನೆಯದರಲ್ಲಿಯೂ ಇರುವುವು. ಬಳ್ಳಿಗಾವೆಯ ಕೋಡಿಯಮಠದ ವಿದ್ಯಾವೈಭವವನ್ನೂ ತಾಳಗುಂದದ ಕದಂಬಸ್ತಂಭವನ್ನೂ ಅರಸಿಕೊಂಡು ಈ ಸಂಪುಟಗಳನ್ನು ತೆರೆಯುವ ವಿದ್ವಾಂಸರು ನಡುನಡುವೆ ಬರುವ ಸಣ್ಣ ವೀರಗಲ್ಲುಗಳನ್ನು ಬೇಗಬೇಗನೆ ದಾಟಿಬಿಡುವುದು ವಾಡಿಕೆ. ಅವುಗಳಲ್ಲಿ ಹಲವಕ್ಕೆ ವಸ್ತು ಒಂದೇ. ಶತ್ರುಗಳು ಬಂದು ತುರುವನ್ನು ಹಿಡಿದರು, ಊರಿನಲ್ಲಿ ಪುಯ್ಯಲಾಯಿತು, ಇಂಥವನು ಬೆನ್ನಟ್ಟಿ ಕಾದಿ ತುರುವನ್ನು ಮಗುಳ್ಚಿ ಸುರಲೋಕಪ್ರಾಪ್ತನಾದನು. ಕಲ್ಲಿನ ಕೆಳಗಿನ ಹಂತದಲ್ಲಿ ಕಾಳಗ. ನಡುವಣ ಹಂತದಲ್ಲಿ ವೀರನನ್ನು ಎತ್ತಿಕೊಂಡೊಯ್ಯುವ ದೇವಾಂಗನೆಯರು. ಮೇಲಿನ ಹಂತದಲ್ಲಿ ಶಿವಲಿಂಗದ ಅಥವಾ ಜಿನಬಿಂಬದ ಸಾನ್ನಿಧ್ಯ. ಕಾಳಗದ ಹಂತದ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಕೊರೆದ ಎರಡು ಮೂರು ದನಗಳು ನಿಂತಿರುವುದುಂಟು. ಕಲ್ಲಿಗೆ ಕಾರಣವಾದುವು ಅವೇ ಆದರೂ ನೋಡುವವರ ಕಣ್ಣು ಬೀಳುವುದು ಬಿಲ್ಲು ಕತ್ತಿಗಳ ಮೇಲೆ.

ಇಂಥ ತುರುಗೊಳ್‌ಗಳನ್ನು ವಿರಾಟನ ಗೋಗ್ರಹಣದೊಡನೆ ಹೋಲಿಸಿ ಕ್ಷಾತ್ರಧರ್ಮದ ನಿದರ್ಶನಗಳೆಂದು ಕೊಂಡಾಡಿ ಮುಗಿಸುವುದು ಅಪೂರ್ಣವಾದ ವಿಮರ್ಶೆ. ಬನವಾಸಿ ಪನ್ನಿರ್ಚ್ಛಾಸಿರದ ಒಳಗೆ ನಾಗರಖಂಡ, ಜಿಡ್ಡುಳಿಗೆ, ಎಡೆನಾಡುಗಳೆಂಬ ಎಪ್ಪತ್ತೆಪ್ಪತ್ತರ ನಾಡುಗಳಿದ್ದುವು. ಬಂದಳಿಕೆ, ಉದ್ದರೆಗಳಂಥ ಊರುಗಳು ಅವಕ್ಕೆ ಮುಖ್ಯವಾಗಿದ್ದುವು. ನೆಲವನ್ನು ಹೊತ್ತುಕೊಂಡು ಹೋಗಲಾಗದು. ಕಣದ ಭತ್ತವನ್ನು ರಾತ್ರೋರಾತ್ರಿ ಸಾಗಿಸುವುದೂ ಸುಲಭವಲ್ಲ. ತನ್ನ ಕಾಲ ಮೇಲೆ ತಾನೇ ನಡೆದು ಬರುವ ಐಶ್ವರ್ಯವೆಂದರೆ ದನ ಒಂದೇ. ಅದನ್ನು ಕಳೆದುಕೊಂಡ ಊರಿಗೆ ಆ ವರ್ಷದ ಉಳುಮೆ ಇಲ್ಲ, ಗೊಬ್ಬರವಿಲ್ಲ, ಹಯನಿಲ್ಲ. ಆದುದರಿಂದಲೇ ತುರುವಿಗಾಗಿ ಮಡಿದವನ ಮನೆಯವರಿಗೆ ನೆತ್ತರುಕೊಡಗೆ, ಬಾಳ್ಗಚ್ಚು, ಕಲ್ನಾಡು ಎಂಬ ಹೆಸರುಗಳಿಂದ ಭೂಮಿಯನ್ನು ಬಿಡುತ್ತಿದ್ದರು. ದಾನಶಾಸನಗಳ ಕೊನೆಯ ಫಲಶ್ರುತಿಯಲ್ಲಿಯೂ ಇದೇ ಅಳತೆಗೋಲು: ಧರ್ಮವನ್ನು ಪಾಲಿಸಿದವನಿಗೆ ಕೋಡು ಕೊಳಗುಗಳನ್ನು ಹೊನ್ನಿನಿಂದ ಕಟ್ಟಿಸಿ ಕವಿಲೆಗಳನ್ನು ದಾನಮಾಡಿದ ಪುಣ್ಯ, ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ.

ಈ ದನಗಳೆಲ್ಲ ಎಲ್ಲಿ ಮೇಯುತ್ತಿದ್ದುವು? ವೀರನ ಹೆಸರನ್ನು ಹೇಳುವ ಕಲ್ಲು ಮೇವಿನ ನೆಲದ ಹೆಸರನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಆದರೆ ಶತ್ರುವು ಊರನ್ನು ಹೊಗದೆಯೇ ತುರುವನ್ನು ಹಿಡಿಯಬಲ್ಲವನಾಗಿದ್ದನು. ಕೂಗು ಕೇಳಿ ಊರಿನವರು ಹೊರಟು ಬರುತ್ತಿದ್ದರು. ಇದರಿಂದ ಮೇವಿನ ನೆಲವು ಮನೆಗಳ ಸಾಲಿಗೆ ಹೊರಗೂ, ಕೂಗಳತೆಯಿಂದ ಬಹುದೂರವಲ್ಲದೆಯೂ ಇದ್ದಿತೆಂದು ಊಹಿಸಲವಕಾಶವಿದೆ.

ಈ ಊಹೆಗೆ ಧರ್ಮಶಾಸ್ತ್ರದ ಬೆಂಬಲವುಂಟು. ಗ್ರಾಮದ ಸುತ್ತ ನೂರು ಧನುಸ್ಸುಗಳಷ್ಟು ನೆಲವನ್ನು ಬೇಸಾಯಕ್ಕೆ ಕೊಡದೆ ಬಿಡಬೇಕೆಂದು ಮನುವು ವಿಧಿಸಿದ್ದಾನೆ. ಆ ನೆಲದಲ್ಲಿ ಬೇಲಿ ಇಲ್ಲದೆ ಬಿತ್ತಿದ ಪೈರನ್ನು ದನ ಮೇಯ್ದರೆ ಗೋವಳನಿಗೆ ದಂಡವಿಲ್ಲ. ಬಿತ್ತಲೇಬೇಕೆನ್ನುವವನು ಒಂಟೆಯು ಇಣಿಕಿ ನೋಡಲಾರದಷ್ಟು ಎತ್ತರವಾದ, ನಾಯಿ ಹಂದಿಗಳ ಮೂತಿ ತೂರದಷ್ಟು ಒತ್ತಾದ ಬೇಲಿಯನ್ನು ಕಟ್ಟಬೇಕು. (ಮಲೆನಾಡಿನಲ್ಲಿ ಒಂಟೆಯ ಭಯವಿಲ್ಲ, ಹಂದಿಯ ವಿಷಯದಲ್ಲಿ ಮಾತ್ರ ಸ್ಮೃತಿಕಾರನ ಎಚ್ಚರಿಕೆ ಇಂದಿಗೂ ಸಲ್ಲತಕ್ಕದ್ದು.) ಯಾಜ್ಞವಲ್ಕ್ಯನು ಇನ್ನೂ ಮುಂದುವರಿದು ಗ್ರಾಮಕ್ಕೂ ಹೊಲಗಳಿಗೂ ನಡುವೆ ನೂರು ಧನುಸ್ಸು, ಖರ್ವಟಕ್ಕೆ ಇನ್ನೂರು, ನಗರಕ್ಕೆ ನಾನೂರು ಎಂದು ಊರಿನ ಗಾತ್ರಕ್ಕೆ ತಕ್ಕಂತೆ ಹೆಚ್ಚಿಸಿದ್ದಾನೆ. ಗೋಪ್ರಚಾರಭೂಮಿಯನ್ನು ಗೊತ್ತುಮಾಡುವುದು ಊರಿನವರ ಇಚ್ಛೆಗೆ, ನೆಲದ ಹೆಚ್ಚು ಕಡಿಮೆಗೆ ಅಥವಾ ರಾಜನ ಆಜ್ಞೆಗೆ ಸೇರಿದ್ದೆಂಬುದು ಅವನ ಮತ. ಕೌಟಿಲ್ಯನಾದರೋ ಉಳಲು ಬಾರದ ನೆಲವನ್ನು ಪಶುಗಳಿಗೆ ವಿವೀತವಾಗಿ ಬಿಡಬೇಕೆಂದು ಹೇಳಿ, ಗೋಸಂಪತ್ತಿಗೂ ಹುಲ್ಲುಗಾವಲಿಗೂ ಬೇರೆ ಬೇರೆ ಅಧ್ಯಕ್ಷರನ್ನು ನೇಮಿಸಿದ್ದಾನೆ. ದನವನ್ನು ಎಣಿಸುವ ಅಧಿಕಾರಿಗೆ ಹುಲ್ಲಿನ ಮೇಲಣ ಅಧಿಕಾರವನ್ನು ಒಪ್ಪಿಸಲಿಲ್ಲವೆಂಬುದು ಗಮನಾರ್ಹ.

ಸ್ಮೃತಿಯ ಮಾತು ಉತ್ತರದೇಶದ್ದು, ಅದಕ್ಕೂ ಬನವಾಸಿಗೂ ಏನು ಸಂಬಂಧವೆಂದು ಆಕ್ಷೇಪಿಸಬಹುದು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ, ೧೦೭೬ರಲ್ಲಿ ಪಟ್ಟವೇರಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಬಳ್ಳಿಗಾವೆಯು ಆ ಚಕ್ರವರ್ತಿಯ ರಾಜ್ಯಕ್ಕೇ ಸೇರಿದ ರಾಜಧಾನಿಪಟ್ಟಣ. ಅದೇ ವಿಕ್ರಮಾದಿತ್ಯನ ಸೋದರನಾದ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯವನ್ನು ರಚಿಸಿದನು. ಅದರಲ್ಲಿ ಔಷಧದೊಡನೆ ಮಂತ್ರವೂ ಬೆರೆತಿರುವುದನ್ನು ಕಂಡು ನಗುವವರು, ಹಸುವಿನ ರೋಗವನ್ನು ಕುರಿತು ದೇಶಭಾಷೆಯಲ್ಲಿ ಬರೆಯುವುದು ರಾಜಪುತ್ರನಿಗೆ ತಕ್ಕ ಕೆಲಸವೆಂದು ಆ ಮನೆತನ ತಿಳಿದಿದ್ದಿತೆಂಬುದನ್ನು ಮರೆಯಬಾರದು. ಒಂದೇ ಕಾಲದಲ್ಲಿ, ಒಂದೇ ಅರಸುಮನೆಯ ನೆರಳಿನಲ್ಲಿ, ಗೋಪ್ರಚಾರದ ಧರ್ಮವು ವ್ಯಾಖ್ಯಾನಗೊಂಡಿತು, ಗೋವಿನ ವೈದ್ಯವು ಗ್ರಂಥಸ್ಥವಾಯಿತು. ಸೊರಬ ಶಿಕಾರಿಪುರಗಳ ಹಳ್ಳಿಗಳಲ್ಲಿ ತುರುವಿಗಾಗಿ ಸತ್ತವರಿಗೆ ಕಲ್ಲುಗಳು ನಿಂತುವು.

ಇಷ್ಟರಿಂದ ಆ ಸೀಮೆಯ ವ್ಯವಸ್ಥೆಯು ಪೂರ್ತಿಯಾಗಿ ತಿಳಿದಂತಾಗುವುದಿಲ್ಲ. ದನಕ್ಕೆ ಬಿಟ್ಟ ನೆಲದಷ್ಟೇ ಮುಖ್ಯವಾದುದು ದನಕ್ಕೆ ಬಿಡದ ನೆಲ. ಸೊರಬದಲ್ಲಿ ಅದಕ್ಕೆ ಕಾನು ಎಂದು ಹೆಸರು. ಬಯಲಿನ ನಡುವೆ ಒಮ್ಮೆಗೇ ಗೋಡೆ ಎದ್ದಂತೆ ನಿಲ್ಲುವ ನಿತ್ಯಹಸುರಿನ ದಟ್ಟಡವಿ ಅದು. ಒಳಗೆ ಕಾಳುಮೆಣಸಿನ ಬಳ್ಳಿ, ಬಗನಿಯ ಮರ, ತಂಪು ನೀರಿನ ಒರತೆ, ಹಲವೆಡೆ ಒಂದು ದೇವರ ಬನ. ೧೮೬೮ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅರಣ್ಯಾಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ವರದಿ ಮಾಡಿದಾಗ ಅಲ್ಲಿ ೧೭೧ ಕಾನುಗಳು, ೩೨ ಸಾವಿರ ಎಕರೆಗೂ ಮಿಕ್ಕ ವಿಸ್ತಾರದಲ್ಲಿ ಇದ್ದುವು. ಕಾನಿನ ಹೊರಗೆ ಬ್ಯಾಣ, ಹಕ್ಕಲು, ಗೋಮಾಳ. ತೋಟದವರಿಗೆ ಸೊಪ್ಪಿನ ಬೆಟ್ಟ. ಒಂದೊಂದು ನೆಲಕ್ಕೆ ಒಂದೊಂದು ಹೆಸರು, ಒಂದೊಂದು ಕೆಲಸ. ದನವು ಹಗಲು ಬ್ಯಾಣದಲ್ಲಿ ಮೇಯ್ದು ಸಂಜೆ ಕೊಟ್ಟಿಗೆಗೆ ಬರುತ್ತಿದ್ದಿತು. ಬೆಟ್ಟದಿಂದ ತಂದ ಸೊಪ್ಪು ಅದರ ಕಾಲಡಿಯಲ್ಲಿ ಹಾಸಾಗಿ, ಸಗಣಿ ಗಂಜಲಗಳೊಡನೆ ಬೆರೆತು ಗೊಬ್ಬರವಾಗಿ, ಗದ್ದೆ ತೋಟಗಳನ್ನು ಸೇರುತ್ತಿದ್ದಿತು. ಗದ್ದೆಯ ಹುಲ್ಲು ಬೇಸಗೆಗೆ ಮರಳಿ ದನದ ಬಾಯಿಗೆ. ಮನುಷ್ಯನ ಊಟದ ಕಾಳಿನಲ್ಲಿ ದನವು ಪಾಲು ಕೇಳುತ್ತಿರಲಿಲ್ಲ. ಇದಕ್ಕೆ ತಕ್ಕ ತಳಿಯೇ ಮಲೆನಾಡ ಗಿಡ್ಡ: ಮೈ ಸಣ್ಣದು, ಹಾಲು ಸ್ವಲ್ಪ, ಮಳೆಗೂ ರೋಗಕ್ಕೂ ಸುಲಭವಾಗಿ ಜಗ್ಗುವುದಿಲ್ಲ, ವರ್ಷಕ್ಕೊಂದು ಕರು ಹಾಕುವುದರಿಂದ ಅದಕ್ಕೆ ವರ್ಷಗಂಧಿಯೆಂದೂ ಹೆಸರು. ಹಾಲಿನ ಲೆಕ್ಕದಿಂದ ಮಾತ್ರ ಅದನ್ನು ಅಳೆದು ನಿಷ್ಪ್ರಯೋಜಕವೆಂದವರು ಗೊಬ್ಬರದ ಲೆಕ್ಕವನ್ನು ಬಿಟ್ಟುಬಿಟ್ಟರು.

ಈ ಮೇರೆಗಳು ಕಲಸಿಹೋದಾಗ ಏನಾಗುವುದೆಂಬುದಕ್ಕೆ ಸಾಕ್ಷಿಯೂ ಸೊರಬದಲ್ಲಿಯೇ ಇದೆ. ೧೯೫೭ರಲ್ಲಿ ಆ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ ಮತ್ತು ಕೆಂಪು ಮಂಗಗಳು ಸಾಲುಸಾಲಾಗಿ ಸತ್ತುವು. ಹಿಂದೆಯೇ ಸುತ್ತಣ ಹಳ್ಳಿಗಳ ಜನರಿಗೆ ಕಠಿನವಾದ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷಿಸಿ, ಇದುವರೆಗೆ ಜಗತ್ತು ಅರಿಯದಿದ್ದ ಹೊಸ ವಿಷಾಣುವೊಂದನ್ನು ಕಂಡರು; ಅದು ರಷ್ಯ ದೇಶದ ಮೆದುಳುಜ್ವರದ ವಿಷಾಣುವಿಗೆ ಸಗೋತ್ರವಾದುದು. ಹೀಗೆ ಸೊರಬದ ಒಂದು ಹಳ್ಳಿಯ ಹೆಸರು ಲೋಕದ ವೈದ್ಯಗ್ರಂಥಗಳಿಗೆಲ್ಲ ಸೇರಿತು. ಸೇರಿದ ಬಗೆ ಮಾತ್ರ ಶೋಚನೀಯ. ಈ ರೋಗವನ್ನು ಹರಡುವುದು ಉಣುಗು. ಎಳೆಯ ಉಣುಗುಗಳು ಇಲಿ ಹೆಗ್ಗಣಗಳಿಗೂ ಮಂಗಗಳಿಗೂ ಮನುಷ್ಯರಿಗೂ ಹತ್ತುತ್ತವೆ. ಬಲಿತ ಉಣುಗಿಗೆ ಬೇಕಾದುದು ದನದಂಥ ದೊಡ್ಡ ಮೈ. ಕಾಡಿನ ಅಂಚು ಕಡಿದು ಒಡೆದು, ಹೊರಗೆ ಮೇವು ಸಾಲದ ದನಗಳು ಒಳನುಗ್ಗಿ ಮೇಯತೊಡಗಿದಾಗ ಉಣುಗಿನ ಸಂತತಿಯು ಹೆಚ್ಚಿ ರೋಗಕ್ಕೆ ದಾರಿಯಾಯಿತೆಂದು ಅದನ್ನು ಅಭ್ಯಸಿಸಿದ ಬೊಷೆಲ್ ಮೊದಲಾದವರು ಅಭಿಪ್ರಾಯಪಟ್ಟರು. ಹಸುವು ವಿಷಾಣುವಿನ ಮನೆಯಲ್ಲ, ಉಣುಗಿನ ಅನ್ನಛತ್ರ ಮಾತ್ರ. ದೋಷವು ಹಸುವಿನದಲ್ಲ, ಅದನ್ನು ಕಾನಿನೊಳಕ್ಕೆ ಅಟ್ಟಿದ ಹಸಿವಿನದು. ಮಂಗನ ಕಾಯಿಲೆಯೆಂದು ಜನ ಕರೆಯುವ ಈ ರೋಗವು ಈಗ ಸೊರಬದ ಎಲ್ಲೆಯನ್ನು ದಾಟಿ ಪಶ್ಚಿಮಘಟ್ಟದ ಉದ್ದಕ್ಕೂ ನೆರೆಯ ರಾಜ್ಯಗಳವರೆಗೆ ಹಬ್ಬಿದೆ.

ಲೋಕದ ಬೇರೆ ಕಡೆಗಳಲ್ಲಿಯೂ ವಿವಾದದ ಮೂಲವು ಮೇವಿನ ನೆಲವೇ. ಅಮೆಜಾನ್ ನದಿಯ ಮಹಾರಣ್ಯವು ದನಗಳ ಹುಲ್ಲುಗಾವಲಿಗಾಗಿ ಬೀಳುತ್ತಿದೆ. ಸಿರಿವಂತ ದೇಶಗಳ ಕೊಟ್ಟಿಗೆಗಳಿಗೆ ಕಾಳಿನ ಮೇವು ಹಡಗುಗಳಲ್ಲಿ ಹೋಗುತ್ತಿದೆ. ಭೂಮಿಯನ್ನು ಕಾಯಿಸುವ ಅನಿಲಗಳಲ್ಲಿ ಮನುಷ್ಯರ ವ್ಯವಹಾರದಿಂದ ಹೊರಡುವುದರ ನೂರಕ್ಕೆ ೧೪.೫ ಭಾಗವು ಪಶುಪಾಲನೆಯದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ೨೦೧೩ರಲ್ಲಿ ಲೆಕ್ಕ ಹಾಕಿತು. ಆ ವಿಶ್ವಸಂಸ್ಥೆಯೇ ೨೦೨೬ನೆಯ ವರ್ಷವನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ವರ್ಷವೆಂದು ೨೦೨೨ರಲ್ಲಿ ಘೋಷಿಸಿತು. ದನದ ತಲೆ ಎಣಿಸುವುದರ ಜೊತೆಗೆ ಹುಲ್ಲಿನ ನೆಲವನ್ನೂ ನೋಡಬೇಕೆಂಬ ಕೌಟಿಲ್ಯನ ವಿಭಾಗವು ಹೀಗೆ ಮತ್ತೆ ನೆನಪಿಗೆ ಬಂದಂತಾಗಿದೆ.

ಕನ್ನಡನಾಡಿನ ಕಾಯಿದೆಯಲ್ಲಿ ಮಾತ್ರ ಆ ನೆನಪು ಅರ್ಧವಾಗಿದೆ. ೧೯೬೪ರ ಭೂಕಂದಾಯ ಅಧಿನಿಯಮವು ಗ್ರಾಮದ ದನಗಳಿಗೆ ಉಚಿತವಾದ ಗೋಮಾಳವನ್ನು ಮೀಸಲಿಡಲು ಅವಕಾಶ ಕೊಟ್ಟಿದೆ. ೧೯೬೬ರ ನಿಯಮಗಳ ೯೭ನೆಯ ನಿಯಮವು ಅದನ್ನು ನೂರು ದನಗಳಿಗೆ ೧೨ ಹೆಕ್ಟೇರಿನಂತೆ ಗೊತ್ತುಮಾಡಿದೆ. ಯಾಜ್ಞವಲ್ಕ್ಯನ ಅಳತೆಯು ಊರಿನ ಗಾತ್ರವನ್ನು ನೋಡಿತು. ಊರು ಬೆಳೆದರೆ ಮೇವಿನ ನೆಲವೂ ಬೆಳೆಯಬೇಕು. ಈ ಅಳತೆಯು ದನದ ಸಂಖ್ಯೆಯನ್ನು ನೋಡುತ್ತದೆ. ಶಿಕಾರಿಪುರದ ಬಯಲಿಗೆ ಮೆಕ್ಕೆಜೋಳ ಬಂದಿದೆ, ಸೊರಬದ ಬ್ಯಾಣಕ್ಕೆ ಶುಂಠಿ ಮತ್ತು ಅಕೇಶಿಯ ಬಂದಿವೆ, ಬಗರ್‌ಹುಕುಂ ಸಾಗುವಳಿಯು ಗೋಮಾಳವನ್ನು ಅಂಚಿನಿಂದ ಕೊರೆದಿದೆ. ಭೂಮಿ ಇಲ್ಲದ ಬಡವನು ಗೋಮಾಳದಲ್ಲಿ ಎರಡು ಎಕರೆ ಉತ್ತುದಕ್ಕೆ ಅವನ ಮೇಲೆ ಕೋಪಿಸಿಕೊಳ್ಳುವುದು ನ್ಯಾಯವಲ್ಲ. ಅವನಿಗೆ ಬೇರೆ ನೆಲವನ್ನು ತೋರಿಸಿದವರಿಲ್ಲ. ಆದರೆ ಮೇವಿಲ್ಲದವನು ದನವನ್ನು ಮಾರುತ್ತಾನೆ; ಮಾರಿದ ಮೇಲೆ ಗಣತಿಯಲ್ಲಿ ದನದ ಸಂಖ್ಯೆ ಇಳಿಯುತ್ತದೆ; ಸಂಖ್ಯೆ ಇಳಿದ ಊರಿನಲ್ಲಿ ಉಳಿದ ಗೋಮಾಳವೂ ನಿಯಮದ ಪ್ರಕಾರ ಹೆಚ್ಚುವರಿಯೆಂದು ಲೆಕ್ಕಕ್ಕೆ ಬರುತ್ತದೆ.