ಸದನದ ಉತ್ತರವೂ ಜನಪದ ಸ್ಮೃತಿಯೂ: ರಕ್ಷಣಾ ಸಚಿವ ಜಾರ್ಜ್ ಫರ್ನಾಂಡಿಸ್ ಅವರ ಕಾಲವನ್ನು ಕುರಿತು ಒಂದು ಅವಲೋಕನ

ಯುದ್ಧವನ್ನು ಕುರಿತ ಜಾನಪದ ಅಧ್ಯಯನಗಳು ಕನ್ನಡದಲ್ಲಿ ಬಹುಮಟ್ಟಿಗೆ ವೀರಗಲ್ಲು, ಲಾವಣಿ ಹಾಗೂ ಐತಿಹಾಸಿಕ ಕಥನಗೀತೆಗಳನ್ನು ಆಧರಿಸಿ ಬೆಳೆದು ಬಂದಿವೆ. ಫ್ಲೀಟ್ ಸಂಗ್ರಹಿಸಿದ ಹಲಗಲಿ ಬೇಡರ ಲಾವಣಿಯಿಂದ ಮೊದಲ್ಗೊಂಡು ಸಂಗೊಳ್ಳಿ ರಾಯಣ್ಣನ ಹಾಡುಗಳವರೆಗೆ ದೊರೆತ ಸಾಮಗ್ರಿ ವಿಪುಲವಾದುದು. ಆದರೆ ಸ್ವಾತಂತ್ರ್ಯೋತ್ತರ ಕಾಲದ ಯುದ್ಧಗಳ ಕುರಿತು ಜನರು ಏನನ್ನು ಕೇಳಿದರು, ಪ್ರಭುತ್ವವು ಏನನ್ನು ಹೇಳಿತು, ಆ ಹೇಳಿಕೆ ಊರಿನ ನೆನಪಾಗಿ ಹೇಗೆ ಉಳಿಯಿತು ಎಂಬ ದಿಕ್ಕಿನಲ್ಲಿ ನಡೆದ ಕೆಲಸ ಕಡಿಮೆ. ರಕ್ಷಣಾ ಸಚಿವರು ಸಂಸತ್ತಿನಲ್ಲಿ ಸೇನಾಪಡೆಗಳ ಕುರಿತು ನೀಡುವ ಉತ್ತರಗಳನ್ನು ರಾಜ್ಯಶಾಸ್ತ್ರದ ಸಾಮಗ್ರಿಯೆಂದು ಬದಿಗಿರಿಸುವುದು ರೂಢಿ. ಅವುಗಳನ್ನು ಜಾನಪದದ ದೃಷ್ಟಿಯಿಂದಲೂ ನೋಡಲು ಸಾಧ್ಯವಿದೆ. ಮಂಗಳೂರಿನಲ್ಲಿ ಜನಿಸಿ 1998ರಿಂದ 2004ರವರೆಗೆ, ನಡುವಣ ಕೆಲವು ತಿಂಗಳುಗಳನ್ನು ಬಿಟ್ಟು, ರಕ್ಷಣಾ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ (1930–2019) ಅವರ ಕಾಲವನ್ನು ಶಿವಮೊಗ್ಗ ಮತ್ತು ಭದ್ರಾವತಿಯ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಶ್ನೋತ್ತರ ಎಂಬ ಮೌಖಿಕ ಪ್ರಕಾರ

ಪ್ರಶ್ನೋತ್ತರವು ಜನಪದ ಸಾಹಿತ್ಯದ ಅತ್ಯಂತ ಹಳೆಯ ವಿನ್ಯಾಸಗಳಲ್ಲಿ ಒಂದು. ಒಗಟು ಇದರ ಕಿರಿದಾದ ರೂಪ. ಉತ್ತರ ಕರ್ನಾಟಕದ ಕಲ್ಗಿ–ತುರಾ ಲಾವಣಿಗಳ ಸವಾಲ್–ಜವಾಬು ಅದರ ಸ್ಪರ್ಧಾತ್ಮಕ ರೂಪ. ಸಾಗರ, ಹೊಸನಗರ, ತೀರ್ಥಹಳ್ಳಿ ಭಾಗಗಳಲ್ಲಿ ಪ್ರಚಲಿತವಿರುವ ಯಕ್ಷಗಾನ ತಾಳಮದ್ದಳೆ ಅದರ ಪ್ರೌಢ ರೂಪ. ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ಮೊದಲೇ ಸಿದ್ಧವಾಗಿರುತ್ತದೆ. ಅರ್ಥಧಾರಿಯ ಮಾತು ಮಾತ್ರ ಆಶುವಾದುದು. ಎದುರಾಳಿ ಎತ್ತಿದ ಆಕ್ಷೇಪಕ್ಕೆ ಅಲ್ಲಿಯೇ ಸಮಾಧಾನ ಹೇಳಬೇಕು.

ಸಂಸತ್ತಿನ ಪ್ರಶ್ನೋತ್ತರ ವೇಳೆಯ ರಚನೆಯೂ ಇದಕ್ಕೆ ಸಮೀಪವಾದುದು. ಸದಸ್ಯರು ಮುಂಚಿತವಾಗಿ ಸೂಚನೆ ಕೊಟ್ಟು ಪ್ರಶ್ನೆ ಸಲ್ಲಿಸುತ್ತಾರೆ. ಲೋಕಸಭೆಯಲ್ಲಿ ದಿನವೊಂದಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಮೌಖಿಕ ಉತ್ತರಕ್ಕೂ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಲಿಖಿತ ಉತ್ತರಕ್ಕೂ ಪಟ್ಟಿಗೆ ಸೇರುತ್ತವೆ. ಚುಕ್ಕೆ ಗುರುತಿನ ಪ್ರಶ್ನೆಯ ಮೂಲ ಉತ್ತರವನ್ನು ಅಧಿಕಾರಿಗಳು ಬರೆದುಕೊಟ್ಟಿರುತ್ತಾರೆ. ಅದು ತಾಳಮದ್ದಳೆಯ ಪದ್ಯವಿದ್ದಂತೆ. ಅನಂತರ ಬರುವ ಉಪಪ್ರಶ್ನೆಗಳಿಗೆ ಸಚಿವರು ಸ್ವತಃ ನಿಂತು ಉತ್ತರಿಸಬೇಕಾಗುತ್ತದೆ, ಅದು ಅರ್ಥಗಾರಿಕೆ. ಸಚಿವರ ತಿಳಿವಳಿಕೆ ಎಷ್ಟು, ಸರ್ಕಾರದ ನಿಲುವು ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂಬುದು ಹೊರಬೀಳುವುದು ಈ ಎರಡನೆಯ ಹಂತದಲ್ಲಿಯೇ. ರಕ್ಷಣಾ ಇಲಾಖೆಯ ವಿಷಯದಲ್ಲಿ ಇದಕ್ಕೆ ಒಂದು ಮಿತಿ ಇದೆ. ರಾಷ್ಟ್ರದ ಭದ್ರತೆಯ ದೃಷ್ಟಿಯಿಂದ ವಿವರ ಬಹಿರಂಗಪಡಿಸಲಾಗದು ಎಂದು ಹೇಳುವ ಅವಕಾಶ ಸಚಿವರಿಗೆ ಯಾವಾಗಲೂ ಇರುತ್ತದೆ. 1962ರ ಯುದ್ಧದ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯ ಕುರಿತು ವೈ.ಬಿ. ಚವಾಣ್ ಅವರು 1963ರ ಸೆಪ್ಟೆಂಬರಿನಲ್ಲಿ ಸದನಕ್ಕೆ ಹೇಳಿಕೆಯನ್ನಷ್ಟೆ ನೀಡಿದರು, ವರದಿಯನ್ನು ಮಂಡಿಸಲಿಲ್ಲ. 2010ರಲ್ಲಿ ಎ.ಕೆ. ಆಂಟನಿ ಅವರು ನೀಡಿದ ಲಿಖಿತ ಉತ್ತರವೂ ಅದು ಇನ್ನೂ ಸೂಕ್ಷ್ಮ ವಿಷಯವೆಂದೇ ಹೇಳಿತು.

ಶಿವಮೊಗ್ಗದ ಹಿನ್ನೆಲೆ

ಫರ್ನಾಂಡಿಸ್ ಅವರು ಕರ್ನಾಟಕದಿಂದ ಲೋಕಸಭೆಯನ್ನು ಪ್ರತಿನಿಧಿಸಿದವರಲ್ಲ. ರಕ್ಷಣಾ ಸಚಿವರಾಗಿದ್ದಾಗ ಅವರು ಬಿಹಾರದ ನಾಲಂದಾ ಕ್ಷೇತ್ರದ ಸದಸ್ಯರು. ಆದರೂ ಅವರ ರಾಜಕೀಯ ಬಳಗದ ಒಂದು ಬೇರು ಶಿವಮೊಗ್ಗ ಜಿಲ್ಲೆಯಲ್ಲಿತ್ತು. 1951ರ ಕಾಗೋಡು ಸತ್ಯಾಗ್ರಹ, ಅದರಲ್ಲಿ ಭಾಗವಹಿಸಲು ಬಂದ ರಾಮಮನೋಹರ ಲೋಹಿಯಾ ಅವರ ಬಂಧನ, ಶಾಂತವೇರಿ ಗೋಪಾಲಗೌಡರ ನಾಯಕತ್ವ ಇವು ಈ ನೆಲವನ್ನು ಸಮಾಜವಾದಿ ಚಳವಳಿಯ ಕೇಂದ್ರವನ್ನಾಗಿಸಿದವು. 1967ರ ಚುನಾವಣೆಯಲ್ಲಿ ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ಜೆ.ಎಚ್. ಪಟೇಲರು ಶಿವಮೊಗ್ಗದಿಂದ ಆಯ್ಕೆಯಾದರು. ಅದೇ ಪಕ್ಷದಿಂದ ಫರ್ನಾಂಡಿಸ್ ಅವರು ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿ ಬಂದರು. ನಾಲ್ಕನೆಯ ಲೋಕಸಭೆಯಲ್ಲಿ ಇವರಿಬ್ಬರೂ ಒಂದೇ ಪಕ್ಷದ ಸಾಲಿನಲ್ಲಿ ಕುಳಿತವರು.

ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಸಂಗತಿ ಸುಪ್ರಸಿದ್ಧವಾದುದು. ಆಗ ಸಭಾಧ್ಯಕ್ಷರಾಗಿದ್ದವರು ನೀಲಂ ಸಂಜೀವರೆಡ್ಡಿ. ಹಿಂದಿ ಅಥವಾ ಇಂಗ್ಲಿಷಿನಲ್ಲಿ ತನ್ನ ಅಭಿಪ್ರಾಯವನ್ನು ಸಮರ್ಪಕವಾಗಿ ಹೇಳಲಾಗದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಂವಿಧಾನದ 120ನೆಯ ವಿಧಿ ಅವಕಾಶ ಕಲ್ಪಿಸುತ್ತದೆ. ಈ ಪ್ರಸಂಗವನ್ನು ಭಾಷಾಭಿಮಾನದ ಸಾಹಸವೆಂದು ನೆನೆಯುವುದು ವಾಡಿಕೆ. ಅದರ ಇನ್ನೊಂದು ಮುಖವನ್ನೂ ಗಮನಿಸಬೇಕು. ಪ್ರಶ್ನಿಸುವವನು ಯಾವ ಭಾಷೆಯಲ್ಲಿ ಪ್ರಶ್ನಿಸುತ್ತಾನೆ ಎಂಬುದು ಆತನ ಹಕ್ಕಿನ ವಿಷಯವಾದರೆ, ಉತ್ತರ ಯಾವ ಭಾಷೆಯಲ್ಲಿ ಬರುತ್ತದೆ ಎಂಬುದು ಕೇಳುವ ಜನರ ಹಕ್ಕಿನ ವಿಷಯ. ರಕ್ಷಣಾ ಸಚಿವರ ಉತ್ತರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿಯೇ ಇದ್ದವು. ಸೇನೆಗೆ ಮಗನನ್ನು ಕಳುಹಿಸಿದ ಕನ್ನಡದ ಕುಟುಂಬಕ್ಕೆ ಆ ಉತ್ತರ ತಲುಪುತ್ತಿದ್ದುದು ಅನುವಾದವಾಗಿ, ಸಂಕ್ಷೇಪವಾಗಿ.

ಈ ಸಂಕ್ಷೇಪದ ಮುಖ್ಯ ವಾಹಕವಾಗಿದ್ದುದು ಬಾನುಲಿ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಕೇಂದ್ರವು ದೆಹಲಿಯಿಂದ ಬರುವ ಕನ್ನಡ ವಾರ್ತೆಗಳನ್ನು ಮಲೆನಾಡಿನ ಮನೆಮನೆಗೆ ಮುಟ್ಟಿಸಿತು. ಕಬ್ಬಿಣದ ಕಾರ್ಖಾನೆಯ ಪಾಳಿ ಮುಗಿಸಿ ಬಂದ ಕಾರ್ಮಿಕನಿಗೂ ಅಡಿಕೆ ತೋಟದ ಒಡೆಯನಿಗೂ ಸಂಸತ್ತಿನ ಮಾತು ಒಂದೇ ದನಿಯಲ್ಲಿ ಕೇಳಿಸಿತು. ಸದನದಲ್ಲಿ ಅರ್ಧ ಗಂಟೆ ನಡೆದ ವಾದ ಇಲ್ಲಿ ಎರಡು ವಾಕ್ಯವಾಗುತ್ತಿತ್ತು. ಉಪಪ್ರಶ್ನೆಗಳು ಬಿದ್ದುಹೋಗಿ ಮೂಲ ಉತ್ತರವಷ್ಟೆ ಉಳಿಯುತ್ತಿತ್ತು. ಎಂದರೆ ಪದ್ಯ ತಲುಪಿತು, ಅರ್ಥಗಾರಿಕೆ ತಲುಪಲಿಲ್ಲ. ಉಳಿದುದನ್ನು ಜನರು ತಾವೇ ತುಂಬಿಕೊಂಡರು. ವದಂತಿ, ಊಹೆ, ರಜೆಗೆ ಬಂದ ಸೈನಿಕ ಹೇಳಿದ ಮಾತು ಇವೆಲ್ಲ ಸೇರಿ ಯುದ್ಧದ ಮೌಖಿಕ ಇತಿಹಾಸ ರೂಪುಗೊಂಡಿತು.

ಪ್ರಶ್ನೆಗೆ ಸದನವೇ ಇಲ್ಲದಿದ್ದ ಕಾಲ

1959ರಲ್ಲಿ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಉಂಟಾದ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಸಲ್ಲಿಸಿ ಅನಂತರ ಹಿಂದೆಗೆದುಕೊಂಡಾಗ, ಸೆಪ್ಟೆಂಬರ್ 2ರಂದು ಪ್ರಧಾನಿ ನೆಹರೂ ಅವರೇ ಲೋಕಸಭೆಯಲ್ಲಿ ವಿವರಣೆ ನೀಡಿದರು. 1962ರಲ್ಲಿ ಚೀನಾದೊಡನೆ ಯುದ್ಧ ನಡೆಯುತ್ತಿದ್ದಾಗಲೇ, ನವೆಂಬರ್ 8ರಿಂದ, ಸಂಸತ್ತು ಸೇರಿ ಚರ್ಚೆ ನಡೆಸಿತು. ಕೃಷ್ಣ ಮೆನನ್ ಅಷ್ಟರಲ್ಲಿ ಸಂಪುಟದಿಂದ ನಿರ್ಗಮಿಸಿದ್ದರು. ಯುದ್ಧದ ನಡುವೆಯೂ ಪ್ರಶ್ನಿಸಬಹುದು ಎಂಬ ಮೇಲ್ಪಂಕ್ತಿ ಹೀಗೆ ಏರ್ಪಟ್ಟಿತು.

ಕಾರ್ಗಿಲ್ ಯುದ್ಧದ ಸಂದರ್ಭ ಇದಕ್ಕಿಂತ ಭಿನ್ನವಾದುದು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದು ಮತದಿಂದ ವಿಶ್ವಾಸಮತ ಕಳೆದುಕೊಂಡಿತು. ಅದೇ ತಿಂಗಳ 26ರಂದು ಲೋಕಸಭೆ ವಿಸರ್ಜನೆಯಾಯಿತು. ಮೇ ತಿಂಗಳಿನಿಂದ ಜುಲೈವರೆಗೆ ಯುದ್ಧ ನಡೆದಾಗ ಫರ್ನಾಂಡಿಸ್ ಅವರು ಉಸ್ತುವಾರಿ ಸರ್ಕಾರದ ರಕ್ಷಣಾ ಸಚಿವರು. ರಾಜ್ಯಸಭೆಯ ವಿಶೇಷ ಅಧಿವೇಶನ ಕರೆಯಬೇಕೆಂಬ ಬೇಡಿಕೆ ಈಡೇರಲಿಲ್ಲ. 527 ಯೋಧರು ಪ್ರಾಣ ತೆತ್ತ ಯುದ್ಧದ ಅವಧಿಯಲ್ಲಿ ಅದರ ಕುರಿತು ಸಚಿವರನ್ನು ಪ್ರಶ್ನಿಸಲು ಲೋಕಸಭೆಯೇ ಇರಲಿಲ್ಲ. ಜುಲೈ ಕೊನೆಯಲ್ಲಿ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ಕಾರ್ಗಿಲ್ ಪರಾಮರ್ಶೆ ಸಮಿತಿ ರಚನೆಯಾಯಿತು. 2000ರ ಫೆಬ್ರವರಿಯಲ್ಲಿ, ಕೆಲವು ಭಾಗಗಳನ್ನು ತಡೆಹಿಡಿದು, ಅದರ ವರದಿಯನ್ನು ಸಂಸತ್ತಿನಲ್ಲಿ ಮಂಡಿಸಲಾಯಿತು. ಆ ವೇಳೆಗೆ ಯುದ್ಧದ ನೆನಪು ಹಳ್ಳಿಗಳಲ್ಲಿ ತನ್ನದೇ ಆದ ಆಕಾರ ಪಡೆದಾಗಿತ್ತು.

ಪೆಟ್ಟಿಗೆಯ ಪ್ರಶ್ನೆ

ಹಿಂದಿನ ಯುದ್ಧಗಳಲ್ಲಿ ಮಡಿದ ಯೋಧರಿಗೆ ಸಾಮಾನ್ಯವಾಗಿ ರಣರಂಗದ ಸಮೀಪದಲ್ಲಿಯೇ ಅಂತ್ಯಸಂಸ್ಕಾರ ನಡೆಯುತ್ತಿತ್ತು. ಊರಿಗೆ ಬರುತ್ತಿದ್ದುದು ತಂತಿ ಸುದ್ದಿ ಮತ್ತು ಕೆಲವು ವಸ್ತುಗಳು ಮಾತ್ರ. ಪಾರ್ಥಿವ ಶರೀರವನ್ನು ಹುಟ್ಟೂರಿಗೆ ತಲುಪಿಸುವ ಪದ್ಧತಿ ವ್ಯಾಪಕವಾಗಿ ಜಾರಿಗೆ ಬಂದುದು ಕಾರ್ಗಿಲ್ ಯುದ್ಧದಲ್ಲಿ. ಜಾನಪದದ ದೃಷ್ಟಿಯಿಂದ ಇದು ದೊಡ್ಡ ಪಲ್ಲಟ. ಹೊರಗೆ ಸತ್ತವರ ಹೆಣವನ್ನು ಊರೊಳಕ್ಕೆ ತರಬಾರದೆಂಬ ಕಟ್ಟಳೆ ನಮ್ಮ ಹಲವು ಹಳ್ಳಿಗಳಲ್ಲಿದೆ. ಯೋಧನ ವಿಷಯದಲ್ಲಿ ಆ ಕಟ್ಟಳೆ ಸಡಿಲಗೊಂಡಿತು. ಊರ ಬಾಗಿಲಿನಲ್ಲಿ ಎದುರುಗೊಳ್ಳುವುದು, ಶಾಲೆಯ ಬಯಲಿನಲ್ಲಿ ದರ್ಶನಕ್ಕಿರಿಸುವುದು, ಮೆರವಣಿಗೆ, ಕುಶಾಲತೋಪು, ಮಡಿಚಿದ ಧ್ವಜವನ್ನು ಮನೆಯವರ ಕೈಗೊಪ್ಪಿಸುವುದು ಇವೆಲ್ಲ ಸೇರಿ ಹೊಸ ಆಚರಣೆಯೊಂದು ನೆಲೆಗೊಂಡಿತು. ಸುಡುವ ಸಮುದಾಯಗಳಿಗೆ ಅಪರಿಚಿತವಾಗಿದ್ದ ಶವಪೆಟ್ಟಿಗೆ ಈ ಆಚರಣೆಯ ನಡುವೆ ಬಂದು ನಿಂತಿತು.

ಶವಪೆಟ್ಟಿಗೆಯ ಖರೀದಿ ವಿವಾದವನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು. ಅಮೆರಿಕದ ಸಂಸ್ಥೆಯೊಂದರಿಂದ ತಲಾ 2,500 ಡಾಲರ್ ಬೆಲೆಗೆ 500 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಕೊಳ್ಳಲು ಮಾಡಿಕೊಂಡ ಒಪ್ಪಂದವನ್ನು ಮಹಾಲೇಖಪಾಲರ ವರದಿ 2001ರ ಡಿಸೆಂಬರಿನಲ್ಲಿ ಆಕ್ಷೇಪಿಸಿತು. ಬಂದ ಪೆಟ್ಟಿಗೆಗಳು ನಿಗದಿಗಿಂತ ಬಹಳ ಭಾರವಾಗಿದ್ದವು. ಅದಕ್ಕೂ ಮೊದಲು, ತೆಹಲ್ಕಾ ಪ್ರಕರಣದಿಂದಾಗಿ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟಿದ್ದ ಫರ್ನಾಂಡಿಸ್ ಅವರು, ವಿಚಾರಣಾ ಆಯೋಗದ ಕೆಲಸ ಮುಗಿಯುವ ಮುನ್ನವೇ ಅಕ್ಟೋಬರಿನಲ್ಲಿ ಮತ್ತೆ ಸಂಪುಟ ಸೇರಿದ್ದರು. ಇದನ್ನು ಒಪ್ಪದ ಕಾಂಗ್ರೆಸ್ಸೇ ಮೊದಲಾದ ವಿರೋಧ ಪಕ್ಷಗಳು ಚಳಿಗಾಲದ ಅಧಿವೇಶನದಿಂದ ಮೊದಲ್ಗೊಂಡು ಅವರನ್ನು ಸದನದಲ್ಲಿ ಬಹಿಷ್ಕರಿಸಿದವು. ಅವರು ಉತ್ತರಿಸಲು ಎದ್ದು ನಿಂತರೆ ಸದಸ್ಯರು ಹೊರನಡೆಯುತ್ತಿದ್ದರು. ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ದಾಳಿ ನಡೆದುದು ಈ ಗದ್ದಲದ ದಿನಗಳಲ್ಲಿಯೇ.

ಈ ಬಹಿಷ್ಕಾರಕ್ಕೆ ರಾಜಕೀಯ ಕಾರಣಗಳು ಇದ್ದವು. ಆದರೆ ಪ್ರಶ್ನೋತ್ತರವೆಂಬ ಪ್ರಕಾರಕ್ಕೆ ಅದರಿಂದಾದ ಹಾನಿಯನ್ನು ಗುರುತಿಸದಿರಲಾಗದು. ತಾಳಮದ್ದಳೆಯಲ್ಲಿ ಎದುರಾಳಿ ಎದ್ದು ಹೋದರೆ ಉಳಿದವನ ಮಾತು ಸ್ವಗತವಾಗುತ್ತದೆ. ಅದು ಸರಿಯೋ ತಪ್ಪೋ ಎಂದು ಪರೀಕ್ಷಿಸುವವರು ಇರುವುದಿಲ್ಲ. ಯುದ್ಧಕಾಲದಲ್ಲಿ ಪ್ರಶ್ನಿಸಲು ಸದನವಿರಲಿಲ್ಲ. ಸದನ ಸೇರಿದಾಗ ಉತ್ತರ ಕೇಳುವ ಮನಸ್ಸಿರಲಿಲ್ಲ. ಮುಂದೆ 2009ರಲ್ಲಿ ಕೇಂದ್ರೀಯ ತನಿಖಾ ದಳವು ಸಲ್ಲಿಸಿದ ಆರೋಪಪಟ್ಟಿಯಲ್ಲಿ ಫರ್ನಾಂಡಿಸ್ ಅವರ ಹೆಸರಿರಲಿಲ್ಲ. 2013ರಲ್ಲಿ ವಿಶೇಷ ನ್ಯಾಯಾಲಯ ಉಳಿದ ಆರೋಪಿಗಳನ್ನೂ ಪ್ರಕರಣದಿಂದ ಬಿಡುಗಡೆ ಮಾಡಿತು. ಆ ವೇಳೆಗೆ ಮರೆವಿನ ಕಾಯಿಲೆಗೆ ತುತ್ತಾಗಿದ್ದ ಅವರು ತಮ್ಮ ಪರವಾಗಿ ಒಂದು ಮಾತನ್ನೂ ಆಡುವ ಸ್ಥಿತಿಯಲ್ಲಿರಲಿಲ್ಲ. ನ್ಯಾಯಾಲಯದ ತೀರ್ಮಾನ ಪತ್ರಿಕೆಯ ಒಳಪುಟಗಳ ಸುದ್ದಿಯಾಯಿತು. ಜನರ ಬಾಯಲ್ಲಿ ಉಳಿದುದು ಮೊದಲಿನ ಆರೋಪ. ಮೌಖಿಕ ಸ್ಮೃತಿಯು ಮೊದಲು ಕೇಳಿದ ಕಥನವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ತಿದ್ದುಪಡಿಯನ್ನು ನಿಧಾನವಾಗಿ ಸ್ವೀಕರಿಸುತ್ತದೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ವೀರಗಲ್ಲಿನ ಉತ್ತರ

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಹಲವು ವೀರಗಲ್ಲುಗಳಿವೆ. ಸೊರಬ, ಶಿಕಾರಿಪುರ ತಾಲ್ಲೂಕುಗಳ ವೀರಗಲ್ಲು ಶಾಸನಗಳು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೆಯ ಸಂಪುಟಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಅಚ್ಚಾಗಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ ಎಂಬ ವಿನ್ಯಾಸ ಪರಿಚಿತವಾದುದು. ಬರಹವು ಸಾಮಾನ್ಯವಾಗಿ ಮೂರು ಪ್ರಶ್ನೆಗಳಿಗೆ ಉತ್ತರಿಸುತ್ತದೆ. ಸತ್ತವನು ಯಾರು ಮತ್ತು ಹೇಗೆ ಸತ್ತ? ಯಾರ ಆಳ್ವಿಕೆಯಲ್ಲಿ, ಯಾವ ಕಾರಣಕ್ಕಾಗಿ? ಉಳಿದವರಿಗೆ ಏನು ಕೊಡಲಾಯಿತು? ಮೂರನೆಯದಕ್ಕೆ ಉತ್ತರವಾಗಿ ಬರುವುದೇ ನೆತ್ತರುಗೊಡಗೆ, ಅಂದರೆ ಮಡಿದವನ ಕುಟುಂಬಕ್ಕೆ ನೀಡಿದ ಭೂಮಿ. ಕಲ್ಲನ್ನು ಊರ ಮುಂದೆ ನಿಲ್ಲಿಸುತ್ತಿದ್ದುದರಿಂದ ಆ ಉತ್ತರ ಎಲ್ಲರ ಕಣ್ಣೆದುರು ಇರುತ್ತಿತ್ತು. ಅದು ಊರಿನ ಭಾಷೆಯಲ್ಲಿಯೇ ಇರುತ್ತಿತ್ತು.

ಇಂದಿನ ಪ್ರಜೆಗಳು ರಕ್ಷಣಾ ಸಚಿವರಿಂದ ನಿರೀಕ್ಷಿಸುವುದೂ ಇವೇ ಮೂರು ಉತ್ತರಗಳನ್ನು. ಸದನದ ಉತ್ತರಗಳಲ್ಲಿ ಸಂಖ್ಯೆ ಸಿಗುತ್ತದೆ, ಪರಿಹಾರಧನದ ಮೊತ್ತ ಸಿಗುತ್ತದೆ. ನಡುವಣ ಪ್ರಶ್ನೆಗೆ, ಅಂದರೆ ಕಾರಣ ಮತ್ತು ಹೊಣೆಗಾರಿಕೆಗೆ ಸಂಬಂಧಿಸಿದುದಕ್ಕೆ, ಉತ್ತರ ಹಲವು ಬಾರಿ ತಡೆಹಿಡಿಯಲ್ಪಡುತ್ತದೆ. ಇದು ಒಂದು ಪಕ್ಷದ ಅಥವಾ ಒಬ್ಬ ಸಚಿವರ ವಿಷಯವಲ್ಲ. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿ 2017ರಿಂದ 2019ರವರೆಗೆ ರಕ್ಷಣಾ ಸಚಿವರಾಗಿದ್ದ ನಿರ್ಮಲಾ ಸೀತಾರಾಮನ್ ಅವರ ಕಾಲದ ರಫೇಲ್ ಚರ್ಚೆಯಲ್ಲಿಯೂ ಗೋಪ್ಯತೆ ಮತ್ತು ಹೊಣೆಗಾರಿಕೆಯ ಪ್ರಶ್ನೆ ಎದುರಾಯಿತು. ಗಲ್ವಾನ್ ಘರ್ಷಣೆಯ ಅನಂತರ 2020ರ ಸೆಪ್ಟೆಂಬರಿನಲ್ಲಿ ಸೇರಿದ ಅಧಿವೇಶನದಲ್ಲಿ ಕೋವಿಡ್ ಕಾರಣದಿಂದ ಮೌಖಿಕ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಗಿತ್ತು. ರಕ್ಷಣಾ ಸಚಿವ ರಾಜನಾಥ ಸಿಂಗ್ ಅವರು ಹೇಳಿಕೆ ನೀಡಿದರು.

ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸದನದಲ್ಲಿ ಉತ್ತರ ಸಿಗದಿದ್ದರೆ ಪ್ರಶ್ನೆ ಇಲ್ಲವಾಗುವುದಿಲ್ಲ. ಅದು ಊರಿನ ಮಾತಿಗೆ ಇಳಿದು, ಅಲ್ಲಿ ಪರೀಕ್ಷೆಗೆ ಒಳಗಾಗದ ಕಥನವಾಗಿ ಬೆಳೆಯುತ್ತದೆ. ಇದರಿಂದ ಅನ್ಯಾಯವಾಗುವುದು ಯೋಧನ ಕುಟುಂಬಕ್ಕೂ ಹೌದು, ಕೆಲವೊಮ್ಮೆ ಸಚಿವನಿಗೂ ಹೌದು. ಎರಡನೆಯದಾಗಿ, ಅಧಿಕೃತ ದಾಖಲೆ ಮತ್ತು ಮೌಖಿಕ ಸ್ಮೃತಿಗಳನ್ನು ಒಟ್ಟಿಗೆ ಇರಿಸಿ ಓದದ ಹೊರತು ಈಚಿನ ಯುದ್ಧಗಳ ಇತಿಹಾಸ ಪೂರ್ಣವಾಗಲಾರದು. ಸಂಸತ್ತಿನ ಕಲಾಪಗಳ ಮುದ್ರಿತ ನಡಾವಳಿ ಗ್ರಂಥಾಲಯಗಳಲ್ಲಿ ಸುರಕ್ಷಿತವಾಗಿದೆ. ಈಚಿನ ವರ್ಷಗಳಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ಕಲಾಪವನ್ನು ಏಕಕಾಲದಲ್ಲಿ ಅನುವಾದಿಸುವ ವ್ಯವಸ್ಥೆಯೂ ಬಂದಿದೆ. ಸುರಕ್ಷಿತವಾಗಿಲ್ಲದಿರುವುದು ಯೋಧರ ಮನೆಗಳ ನೆನಪು: ತಂತಿ ಬಂದ ದಿನದ ಮಾತು, ಪೆಟ್ಟಿಗೆ ಇಳಿಸಿದ ಬಯಲು, ಪತ್ರಗಳು, ಶೋಕಗೀತೆಗಳು. ಶಿವಮೊಗ್ಗ, ಭದ್ರಾವತಿಗಳ ಮಾಜಿ ಸೈನಿಕರ ಹಾಗೂ ಯೋಧರ ತಾಯಂದಿರ ತಲೆಮಾರು ಕಣ್ಮರೆಯಾಗುವ ಮುನ್ನ ಇವುಗಳ ಸಂಗ್ರಹ ಆಗಬೇಕಾಗಿದೆ. ವಿಶ್ವವಿದ್ಯಾನಿಲಯಗಳ ಜಾನಪದ ವಿಭಾಗಗಳು ಮತ್ತು ಅಕಾಡೆಮಿಗಳು ಕೈಗೊಳ್ಳಬಹುದಾದ ಕ್ಷೇತ್ರಕಾರ್ಯಗಳಲ್ಲಿ ಇದು ತುರ್ತಿನದು.