ಹುಣಸೂರು ಸೀಮೆಯ ಗಾಡಿ: ಹೊರೆಯಿಂದ ಓಟಕ್ಕೆ

ಹಳೆಯ ಮೈಸೂರು ಸೀಮೆಯ ಆಡುಮಾತಿನಲ್ಲಿ ‘ಗಾಡಿ’ ಎಂಬ ಪದವು ಎತ್ತು ಎಳೆಯುವ ಮರದ ವಾಹನಕ್ಕೂ, ಮೋಟಾರ್ ಸೈಕಲ್ಲಿಗೂ, ಕಾರಿಗೂ ಸಮಾನವಾಗಿ ಸಲ್ಲುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳನ್ನು ಒಳಗೊಂಡ ಈ ಸೀಮೆಯಲ್ಲಿ, ಕಟ್ಟೆಮಳಲವಾಡಿಯಂತಹ ಊರುಗಳಲ್ಲಿ, ಆ ಪದದ ಹಿಂದೆ ಸುಮಾರು ಎರಡು ಶತಮಾನಗಳ ಒಂದು ರೂಢಿಯೂ ಉಳಿದುಬಂದಿದೆ: ಮನೆಗೆ ಮೊದಲು ಬರುವುದು ಹೊರೆ ಹೊರುವ, ಖರ್ಚು ಕಡಿಮೆಯಿರುವ ಗಾಡಿ, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಬರುವುದು ಓಟಕ್ಕೂ ಅಂದಕ್ಕೂ ಹೆಸರಾದ ಗಾಡಿ, ಈ ಎರಡನೆಯದು ಬಹುಮಟ್ಟಿಗೆ ಮತ್ತೊಬ್ಬರ ಕೈಯಲ್ಲಿ ಪಳಗಿ ಬಂದದ್ದಾಗಿರುತ್ತದೆ. ಸಣ್ಣ ಕಾರನ್ನು ಮಾರಿ ಹಳೆಯ ಸ್ಪೋರ್ಟ್ಸ್ ಕೂಪೆಯೊಂದನ್ನು ಕೊಳ್ಳಬಯಸುವ ಇಂದಿನ ಯುವಕನ ಆಸೆಯನ್ನು ಜಾಹೀರಾತಿನ ಪ್ರಭಾವವೆಂದಷ್ಟೇ ತಿಳಿಯುವವರು ಈ ನೆಲದ ಚರಿತ್ರೆಯನ್ನು ಅಲಕ್ಷಿಸಿದಂತಾಗುತ್ತದೆ.

‘ಕೂಪೆ’ ಎಂಬ ಪದವೂ ಹುಟ್ಟಿದ್ದು ಮೋಟಾರಿನೊಡನೆಯಲ್ಲ, ಕುದುರೆ ಗಾಡಿಯೊಡನೆ. ಫ್ರೆಂಚ್ ಭಾಷೆಯಲ್ಲಿ ಅದಕ್ಕೆ ‘ಕತ್ತರಿಸಿದ್ದು’ ಎಂಬ ಅರ್ಥವಿದ್ದು, ಎದುರುಬದುರು ಎರಡು ಆಸನಗಳಿದ್ದ ಸಾರೋಟಿನಿಂದ ಒಂದು ಆಸನವನ್ನು ಕಡಿದುಹಾಕಿ, ಇಬ್ಬರು ಮಾತ್ರ ಕೂರುವಂತೆ ಗಿಡ್ಡಗೊಳಿಸಿದ ಗಾಡಿಗೆ ಆ ಹೆಸರು ಬಂದಿತು. ರೈಲಿನ ಮೊದಲ ದರ್ಜೆಯಲ್ಲಿ ಇಬ್ಬರಿಗೆಂದು ಇರುವ ಸಣ್ಣ ಕೋಣೆಯನ್ನು ಕನ್ನಡಿಗರೂ ‘ಕೂಪೆ’ ಎಂದೇ ಕರೆಯುತ್ತಾರೆ. ಎರಡು ಬಾಗಿಲು, ತಗ್ಗಾದ ಮಾಡು, ಹಿಂದಕ್ಕೆ ಇಳಿಜಾರಾದ ಬೆನ್ನು ಇರುವ ಕಾರಿಗೆ ಈ ಪದವು ಬಂದುದು ಆಮೇಲೆ. ಜಾಗವನ್ನು ಬಿಟ್ಟುಕೊಟ್ಟು ಹಗುರವನ್ನೂ ವೇಗವನ್ನೂ ಪಡೆಯುವುದೇ ಅದರ ತಿರುಳು.

ಈ ಸೀಮೆಗೆ ವೇಗದ ರುಚಿಯನ್ನು ಹತ್ತಿಸಿದ್ದು ಅಮೃತ ಮಹಲ್ ರಾಸುಗಳು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ‘ಬೆಣ್ಣೆ ಚಾವಡಿ’ ಎಂಬ ಹೆಸರಿನಲ್ಲಿದ್ದ ಅರಮನೆಯ ಗೋಮಂದೆಗಳ ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ ಈ ತಳಿಯ ಹಸು ಕರುವಿಗೆ ಸಾಕಾಗುವಷ್ಟು ಹಾಲನ್ನು ಮಾತ್ರ ಕೊಡುತ್ತದೆ. ಅದರ ಬೆಲೆಯೆಲ್ಲ ಹೋರಿಗಳ ಕಾಲಿನಲ್ಲಿದೆ. ಹಿಂದಕ್ಕೆ ಬಾಗಿ ಚೂಪಾಗಿ ಏಳುವ ಕೊಂಬು, ಗಟ್ಟಿಯಾದ ಗೊರಸು, ಬೇಗ ಕೆರಳುವ ಸ್ವಭಾವ, ನಡಿಗೆಯನ್ನು ಬಿಟ್ಟು ಓಟಕ್ಕೇ ಒಗ್ಗಿದ ಮೈಕಟ್ಟು ಇವುಗಳಿಂದಾಗಿ ಅದು ಸೇನೆಯ ಫಿರಂಗಿಗಳನ್ನೆಳೆಯುವ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು. 1781ರಲ್ಲಿ ಹೈದರ್ ಅಲಿಯು ಚಿದಂಬರದ ರಕ್ಷಣೆಗಾಗಿ 100 ಮೈಲಿಗಳನ್ನು, ಎಂದರೆ ಸುಮಾರು 160 ಕಿಲೋಮೀಟರನ್ನು, ಎರಡೂವರೆ ದಿನಗಳಲ್ಲಿ ಕ್ರಮಿಸಿದ್ದು ಈ ಎತ್ತುಗಳ ಬಲದಿಂದಲೇ ಎಂದು ಮೈಸೂರಿನ ಗ್ಯಾಸೆಟಿಯರ್ ಬರಹಗಳು ದಾಖಲಿಸಿವೆ.

ಶ್ರೀರಂಗಪಟ್ಟಣದ ಪತನದ ಬಳಿಕ ಮಂದೆಗಳು ಕ್ಷೀಣಿಸುತ್ತ ಬಂದಾಗ, 1813ರಲ್ಲಿ ಮದರಾಸು ಸೇನೆಯ ಸರಬರಾಜು ಇಲಾಖೆಯು ಅವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಈ ಆಡಳಿತಕ್ಕೆ ಹುಣಸೂರು ಕೇಂದ್ರಸ್ಥಾನವಾಯಿತು. ಮುಂದೆ 1860ರಲ್ಲಿ, ಮದರಾಸಿನ ಗವರ್ನರ್ ಆಗಿದ್ದ ಸರ್ ಚಾರ್ಲ್ಸ್ ಟ್ರೆವೆಲ್ಯಾನ್, ಮಿತವ್ಯಯದ ಕಾರಣದಿಂದ ಮಂದೆಗಳನ್ನು ಮಾರಿಬಿಡುವಂತೆ ಆಜ್ಞೆ ಮಾಡಿದನು. ಲೆಕ್ಕದ ಪುಸ್ತಕದಲ್ಲಿ ಈ ತೀರ್ಮಾನವು ಸರಿಯಾಗಿಯೇ ಕಂಡಿರಬೇಕು, ಏಕೆಂದರೆ ವಿಶಾಲವಾದ ಕಾವಲುಗಳನ್ನು, ಎಂದರೆ ಮೇವಿಗೆಂದೇ ಕಾದಿಟ್ಟ ಹುಲ್ಲುಗಾವಲುಗಳನ್ನು, ಕಾಪಾಡಿಕೊಂಡು ಬರುವುದು ದುಬಾರಿಯ ಕೆಲಸವಾಗಿತ್ತು. ಆದರೆ ಆರೇ ವರ್ಷಗಳಲ್ಲಿ ಅದೇ ಸರ್ಕಾರವು ಮಂದೆಯನ್ನು ಮತ್ತೆ ಕಟ್ಟತೊಡಗಿತು. ಅಗ್ಗದ ಎತ್ತು ಎಳೆಯುತ್ತಿತ್ತು, ಓಡುತ್ತಿರಲಿಲ್ಲ. 1882ರಲ್ಲಿ ಈ ಮಂದೆಯು ಮೈಸೂರು ಸರ್ಕಾರದ ಕೈಸೇರಿತು. ಮಿತವ್ಯಯವನ್ನೂ ವೇಗವನ್ನೂ ತಕ್ಕಡಿಗೆ ಹಾಕಿ, ಒಮ್ಮೆ ತಪ್ಪಿ, ತಿದ್ದಿಕೊಂಡ ಈ ಪ್ರಸಂಗಕ್ಕೆ ಸೇನೆಯ ಚರಿತ್ರೆಯ ಆಚೆಗೂ ದೊರೆಯಬೇಕಾದ ಗಮನವು ಇನ್ನೂ ದೊರೆತಿಲ್ಲ.

ಎತ್ತುಗಳಷ್ಟೇ ಗಾಡಿಗಳೂ ಹುಣಸೂರಿಗೆ ಹೆಸರು ತಂದವು. 1864ರವರೆಗೆ ಸೇನೆಯ ಸರಬರಾಜು ಇಲಾಖೆಯು ಅಲ್ಲಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ ಮತ್ತು ಮರದ ಡಿಪೋಗಳನ್ನು ನಡೆಸುತ್ತಿತ್ತು. ದಕ್ಷಿಣಕ್ಕೆ ಕಾಕನಕೋಟೆಯ ಕಾಡು, ಪಶ್ಚಿಮಕ್ಕೆ ಕೊಡಗಿನ ಕಾಫಿ ಇಳಿದುಬರುವ ಹೆದ್ದಾರಿ, ಪಕ್ಕದಲ್ಲಿ ಲಕ್ಷ್ಮಣತೀರ್ಥ ನದಿ ಇದ್ದ ಊರಿಗೆ ಮರಗೆಲಸವೂ ಸಾಗಣೆಯೂ ತಾವಾಗಿಯೇ ಒದಗಿಬಂದವು. ಸರ್ಕಾರಿ ಕಾರ್ಖಾನೆ ಮುಚ್ಚಿದ ಮೇಲೂ ಅಲ್ಲಿ ಪಳಗಿದ ಕೈಗಳು ಕೆಲಸವನ್ನು ಬಿಡಲಿಲ್ಲವಾಗಿ ಊರಿನ ಗಾಡಿ ಕಸುಬು ಬಹುಕಾಲ ಬಾಳಿತು.

ಆ ಕಸುಬಿನ ಸೂಕ್ಷ್ಮವು ಗಾಲಿಯಲ್ಲಿ ಎದ್ದು ಕಾಣುತ್ತದೆ. ನಡುವಿನ ಗುಂಬಕ್ಕೆ ಅರಗಳನ್ನು ಬಡಿದು, ಅವುಗಳ ಹೊರತುದಿಗೆ ಬಾಗಿದ ಮರದ ತುಂಡುಗಳನ್ನು ಕೂಡಿಸಿ ವೃತ್ತವನ್ನು ಮುಗಿಸಿದ ಬಳಿಕ, ಆ ವೃತ್ತದ ಅಳತೆಗಿಂತ ಕೂದಲೆಳೆಯಷ್ಟು ಕಿರಿದಾದ ಕಬ್ಬಿಣದ ಪಟ್ಟಾವನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅದು ಹಿಗ್ಗಿರುವಾಗಲೇ ಉದ್ದನೆಯ ಇಕ್ಕಳಗಳಿಂದ ಎತ್ತಿ ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯುತ್ತಾರೆ. ತಣಿದ ಕಬ್ಬಿಣವು ಕುಗ್ಗುವಾಗ ಅರಗಳೆಲ್ಲ ಕಿರಗುಟ್ಟಿ ಗುಂಬದೊಳಕ್ಕೆ ಬಿಗಿದುಕೊಳ್ಳುತ್ತವೆ. ಗಾಲಿ ಇರುಸಿನಿಂದ ಜಾರದಂತೆ ಕಡಾಣಿ, ಉರಿದು ಸವೆಯದಂತೆ ಕೀಲೆಣ್ಣೆ. ಇದೇ ಗಾಲಿಯ ಮೇಲೆ ಅಗಲವಾದ ಹಾಸನ್ನಿಟ್ಟರೆ ಅದು ಗೊಬ್ಬರ, ಕಬ್ಬು, ಸೌದೆಗಳ ಹೊರೆಗಾಡಿ. ಹಾಸನ್ನು ಕಿರಿದುಮಾಡಿ, ಬಿದಿರನ್ನು ಬಗ್ಗಿಸಿ ಮೇಲೆ ಕಮಾನು ಕಟ್ಟಿದರೆ ಸವಾರಿಯ ಕಮಾನು ಗಾಡಿ. ಕಮಾನು ಗಾಡಿಯಿದ್ದ ಮನೆಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದವರು ಕಡಿಮೆ.

ಹೊರೆಯೆತ್ತುಗಳನ್ನು ಬಿಟ್ಟು ಓಟದ ಜೋಡಿಗೆ ಏರಬೇಕೆಂದವನು ಹೋಗುತ್ತಿದ್ದುದು ದನಗಳ ಜಾತ್ರೆಗೆ. ಕೃಷ್ಣರಾಜನಗರ ಸೀಮೆಯ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿಗೆ ಸೇರುವ ಜಾತ್ರೆಯೂ ಪಿರಿಯಾಪಟ್ಟಣ ಸೀಮೆಯ ಬೆಟ್ಟದಪುರದ ಜಾತ್ರೆಯೂ ಇಂದಿಗೂ ಹಳ್ಳಿಕಾರ್ ಜೋಡಿಗಳಿಗೆ ಹೆಸರಾಗಿವೆ. ಅಮೃತ ಮಹಲ್ ತಳಿಯ ಮೂಲದಲ್ಲಿ ಈ ಹಳ್ಳಿಕಾರ್ ರಾಸಿನ ರಕ್ತವೂ ಇದೆ. ಅಲ್ಲಿ ಕೊಳ್ಳುವವನು ಮೊದಲು ನೋಡುವುದು ಬಾಯನ್ನು. ಹಾಲುಹಲ್ಲು ಬಿದ್ದು ಎರಡು ಹಲ್ಲು, ಆಮೇಲೆ ನಾಲ್ಕು, ಆರು, ಕಡೆಗೆ ಎಂಟೂ ಬಂದು ‘ಬಾಯಿಗೂಡಿದ’ ಎತ್ತು ಎಂದು ವಯಸ್ಸು ಎಣಿಸುವುದು ಅಲ್ಲಿಯ ಕ್ರಮ. ಅನಂತರ ಸುಳಿ ನೋಡಿ, ಗೊರಸು ತಟ್ಟಿ, ಗಟ್ಟಿ ನೆಲದ ಮೇಲೆ ನಡೆಸಿ, ಓಡಿಸಿ, ಕೊನೆಗೆ ದಳ್ಳಾಳಿಯ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕೂಡಿಸಲಾಗುತ್ತದೆ. ಓಟದ ಈ ಮೋಹವು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು: 2014ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಎತ್ತಿನ ಗಾಡಿಯ ಓಟಕ್ಕೆ ತಡೆ ಬಿದ್ದಿತು, ಕರ್ನಾಟಕವು 2017ರಲ್ಲಿ ಕಾನೂನನ್ನು ತಿದ್ದಿತು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಮೋಟಾರಿನ ಕಾಲದಲ್ಲಿ ಈ ಮೋಹಕ್ಕೆ ಆಸರೆಯಾದದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. 1960ರ ದಶಕದ ಆರಂಭದಿಂದ 1996ರವರೆಗೆ ನಡೆದ ಈ ಕಾರ್ಖಾನೆಯು ಮೊದಲು ಚೆಕೊಸ್ಲೊವಾಕಿಯಾ ಮೂಲದ ಜಾವಾವನ್ನೂ, 1973ರಿಂದ ಯೆಜ್ದಿಯನ್ನೂ ತಯಾರಿಸಿತು. ಗೇರ್ ಹಾಕುವ ಸನ್ನೆಯನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ ಆಗುವ ಏರ್ಪಾಡು, ಎರಡು ಹೊಗೆಕೊಳವೆಗಳ ಸದ್ದು ಇವು ಆ ಗಾಡಿಯ ಗುರುತುಗಳಾಗಿದ್ದವು. ಪೆಟ್ರೋಲನ್ನು ಹೆಚ್ಚಾಗಿ ಕುಡಿಯುತ್ತಿದ್ದರೂ, ಕಾರ್ಖಾನೆ ಮುಚ್ಚಿದ ಮೇಲೂ, ಹಳೆಯ ಯೆಜ್ದಿಗೆ ಗಿರಾಕಿಗಳು ತಪ್ಪಲಿಲ್ಲ.

ಕಾರು ಹಳ್ಳಿಗೆ ಬಂದುದು ಎರಡು ಕಾರಣಗಳು ಕೂಡಿದಾಗ. 1983ರ ಡಿಸೆಂಬರ್ 14ರಂದು ಮಾರುತಿ 800 ರಸ್ತೆಗಿಳಿಯಿತು. 796 ಘನ ಸೆಂಟಿಮೀಟರಿನ, ಮೂರು ಸಿಲಿಂಡರಿನ ಅದರ ಎಂಜಿನ್ ಮಿತವ್ಯಯದ ಮಾತಿಗೆ ಹೊಸ ಅರ್ಥ ಕೊಟ್ಟಿತು. ಮರುವರ್ಷ, 1984ರಲ್ಲಿ, ತಂಬಾಕು ಮಂಡಳಿಯ ಹರಾಜು ವ್ಯವಸ್ಥೆಯು ಕರ್ನಾಟಕದಲ್ಲಿ ಆರಂಭವಾಯಿತು. ಬ್ಯಾರನ್ನಿನ, ಎಂದರೆ ಬಿಸಿಗಾಳಿಯಲ್ಲಿ ಎಲೆಯನ್ನು ಹದಗೊಳಿಸುವ ಎತ್ತರದ ಮನೆಯ, ಶಾಖದಲ್ಲಿ ಬಂಗಾರದ ಬಣ್ಣ ತಳೆದ ವರ್ಜೀನಿಯಾ ಹೊಗೆಸೊಪ್ಪು ಬೇಲುಗಳಾಗಿ ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೂ ಸೇರತೊಡಗಿದ ಮೇಲೆ, ಮುಂಗಾರಿನಲ್ಲಿ ಸಾಲಮಾಡಿ ನೆಟ್ಟ ಬೆಳೆಯ ಹಣವು ಕೆಲವೇ ತಿಂಗಳುಗಳಲ್ಲಿ ಒಟ್ಟಾಗಿ ಕೈಸೇರುವ ಕ್ರಮವು ನೆಲೆಗೊಂಡಿತು. ದಿನದಿನದ ಹಾಲಿನ ದುಡ್ಡು ಮನೆಯ ಖರ್ಚಿಗೆ ಕರಗುತ್ತದೆ, ಒಟ್ಟಿಗೆ ಬರುವ ದುಡ್ಡಿಗೆ ಮಾತ್ರ ಗಾಡಿಯ ಯೋಚನೆ ಹುಟ್ಟಿಸುವ ಶಕ್ತಿಯಿದೆ.

ಇಂದು ಈ ನಾಲ್ಕು ಸೀಮೆಗಳ ವಾಹನಗಳು ಹುಣಸೂರಿನ ಪ್ರಾದೇಶಿಕ ಸಾರಿಗೆ ಕಚೇರಿಯ ಕೆಎ-45 ಎಂಬ ಸಂಖ್ಯೆಯನ್ನು ಹೊತ್ತು ಓಡುತ್ತವೆ. ಬೆಂಗಳೂರಿನ ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಆಡಿ ಟಿಟಿಯಂತಹ ಕೂಪೆಯು ಹೊಸದಾಗಿದ್ದಾಗಿನ ಬೆಲೆಯ ಒಂದು ಪಾಲಿಗೆ ಸಿಗುತ್ತದೆಯಾದರೂ, ಅದರ ಬಿಡಿಭಾಗಗಳ ಬೆಲೆಯು ಕಾರಿನ ವಯಸ್ಸಿನೊಡನೆ ಇಳಿಯುವುದಿಲ್ಲ. ತಗ್ಗಾದ ಅದರ ಒಡಲು ಊರೊಳಗಿನ ಉಬ್ಬುಗಳಿಗೆ ತಗುಲುತ್ತದೆ. ಹಿಂದಿನ ಆಸನದಲ್ಲಿ ದೊಡ್ಡವರು ಕೂರಲಾರರು. ಇಷ್ಟನ್ನೂ ಬಲ್ಲವನು ಕೂಡ ಹುಣಸೂರಿನಿಂದ ಮೈಸೂರಿನ ಕಡೆಗೆ ಚಾಚಿರುವ ರಾಷ್ಟ್ರೀಯ ಹೆದ್ದಾರಿ 275ನ್ನು ನೆನೆದು ಅದನ್ನು ಬಯಸುವುದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಅಮೃತ ಮಹಲ್ ಹೋರಿಯನ್ನೂ ಹಾಲಿಗಾಗಿ ಯಾರೂ ಬಯಸಿರಲಿಲ್ಲ.

ಪರೀಕ್ಷೆಯ ಕ್ರಮದಲ್ಲಂತೂ ಜಾತ್ರೆಯ ವಿದ್ಯೆ ಹಾಗೆಯೇ ಉಳಿದಿದೆ. ಕೊಂಬಿನ ಬುಡದ ಉಂಗುರಗಳಿಂದಲೂ ಎತ್ತಿನ ವಯಸ್ಸನ್ನು ಎಣಿಸಬಹುದು, ಆದರೆ ಕೊಂಬನ್ನು ಹೆರೆದು ನಯಮಾಡಿದರೆ ಉಂಗುರಗಳು ಅಳಿಸಿಹೋಗುವುದರಿಂದ ತಿಳಿದವರು ಬಾಯನ್ನು ಬಿಡಿಸಿ ನೋಡುತ್ತಾರೆ. ಓಡಿದ ದೂರವನ್ನು ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸಬಹುದೆಂದು ಅರಿತ ಕೊಳ್ಳುವವನು ಕಾರಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಟಯರಿನ ಮಗ್ಗುಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿ, ಅಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದುತ್ತಾನೆ: 2319 ಎಂದಿದ್ದರೆ ಆ ಟಯರು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು.